ಯಾರ ಮನೆಯೂ ಅಲ್ಲದ ಜಾಗ

ಚೀಲದ ಹೊಲಿಗೆ ಬಿಚ್ಚಿ ಮೆಣಸಿನಕಾಯಿಯನ್ನು ತಾಡಪತ್ರಿಯ ಮೇಲೆ ಸುರಿದಾಗ ಮೊದಲು ಸೀನಿದವಳು ಶೈಲಶ್ರೀ. ಒಂದು ಸೀನಿಗೆ ನಿಲ್ಲಲಿಲ್ಲ. ಮೇಲಿಂದ ಮೇಲೆ ಸೀನಿ, ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಸುತ್ತ ಕುಳಿತ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ಎಲ್ಲರಿಗಿಂತ ಹಿರಿಯಳಾದ ಗುಡ್ಡವ್ವ ಮಾತ್ರ ನಗುವನ್ನು ಮುಚ್ಚಿಕೊಳ್ಳಲಿಲ್ಲ.

"ಅಕ್ಕಾರ, ಇದು ಬ್ಯಾಡಗಿ ಕಾಯಿ, ಬರೇ ಬಣ್ಣ. ಇದಕ್ಕ ಹಿಂಗ ಸೀನಿದ್ರ ಗುಂಟೂರ ಕಾಯಿಗೆ ಏನ್ ಮಾಡ್ತೀರಿ?"

"ಅದನ್ನ ಸುರಿಯೋ ದಿನ ನಾ ರಜಾ ಹಾಕ್ತೀನಿ ಬಿಡ್ರಿ," ಎಂದಳು ಶೈಲಶ್ರೀ, ಕಣ್ಣೊರೆಸಿಕೊಳ್ಳುತ್ತ.

ಟೆಂಪೊ ಕಾಲುವೆಗೆ ಉರುಳಿದ ಮೇಲೆ ಆ ಊರಿನ ಹೆಂಗಸರು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆಂದು ದಿನವೂ ಹೆಂಗಸರನ್ನು ಬ್ಯಾಡಗಿಗೆ ಕರೆದೊಯ್ಯುತ್ತಿದ್ದ ಟೆಂಪೊ ಅದು. ಐವರು ಹೆಣ್ಣುಮಕ್ಕಳೂ ಟೆಂಪೊ ನಡೆಸುತ್ತಿದ್ದ ಹೊಳಿಯಪ್ಪನೂ ತೀರಿಕೊಂಡರು. ಉಳಿದವರು ಗಾಯಗೊಂಡು ಬದುಕಿದರು. ಒಬ್ಬರಿಗೊಬ್ಬರು ನಂಟರಾಗಿದ್ದ ಊರು. ದುಃಖವಿಲ್ಲದ ಮನೆಯನ್ನು ಹುಡುಕಬೇಕಾಯಿತು. ಹಾವೇರಿಯ ಆಸ್ಪತ್ರೆಯವರು ಶೈಲಶ್ರೀಯನ್ನು ವಾರಕ್ಕೊಮ್ಮೆ ಕಳಿಸತೊಡಗಿದರು. ಊರವರನ್ನೆಲ್ಲ ಸಮುದಾಯ ಭವನದಲ್ಲಿ ಕೂಡಿಸಿ, ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಲು ಅನುವು ಮಾಡಿಕೊಡುವುದು ಅವಳ ಕೆಲಸ. ಗಂಡಸರು ಬೆಳಿಗ್ಗೆ ಬಂದು ಅಷ್ಟಿಷ್ಟು ಮಾತಾಡಿ ಹೋಗುತ್ತಿದ್ದರು. ಹೆಂಗಸರು ಮಧ್ಯಾಹ್ನ ಬರುತ್ತಿದ್ದರು. ಬಂದವರು ಕೈಯನ್ನು ಮಡಿಲಲ್ಲಿಟ್ಟು ಸುಮ್ಮನೆ ಕುಳಿತು ಎದ್ದು ಹೋಗುತ್ತಿದ್ದರು. "ಖಾಲಿ ಕೈಲೆ ಕುಂತ ರೂಢಿ ಇಲ್ರಿ ನಮಗ, ಮೈಯೆಲ್ಲಾ ಬಿಗದಂಗ ಆಗ್ತೈತಿ," ಎಂದು ಸಿಮ್ರಾನ ಹೋದ ವಾರ ಹೇಳಿದ್ದಳು. ಶೈಲಶ್ರೀ ಬ್ಯಾಡಗಿಯ ವ್ಯಾಪಾರಿಯೊಬ್ಬನನ್ನು ಕಂಡು, ಚೀಲಗಳನ್ನು ಊರಿಗೇ ಕಳಿಸುವಂತೆ ಒಪ್ಪಿಸಿ ಬಂದಿದ್ದಳು.

ಈಗ ಎಲ್ಲರ ಕೈ ಆಡುತ್ತಿತ್ತು. ಕೈಯೊಡನೆ ಮಾತೂ ಹೊರಟಿತು. ಒಬ್ಬಳು ನಿದ್ದೆಯಲ್ಲಿ ನೀರಿನ ಸಪ್ಪಳ ಕೇಳುತ್ತದೆ ಎಂದಳು. ಇನ್ನೊಬ್ಬಳು ಗಂಡನು ಈಚೆಗೆ ತನ್ನನ್ನು ಬೈಯುವುದನ್ನೇ ಬಿಟ್ಟಿದ್ದಾನೆ, ಅದಕ್ಕೇ ಹೆದರಿಕೆಯಾಗುತ್ತದೆ ಎಂದಳು. ಶೈಲಶ್ರೀ ಎಲ್ಲವನ್ನೂ ಕೇಳಿಸಿಕೊಂಡಳು. ತಾನೂ ಒಂದು ಹಿಡಿ ಕಾಯಿ ಎದುರಿಗಿಟ್ಟುಕೊಂಡು ತೊಟ್ಟು ಮುರಿಯುತ್ತಿದ್ದಳು.

ದೇವವ್ವ ಬಾಯಿ ತೆರೆದಿರಲಿಲ್ಲ. ಕಾಲುವೆಯಲ್ಲಿ ತೀರಿಕೊಂಡ ಐವರಲ್ಲಿ ಅವಳ ಮಗಳು ಮಹೇಶ್ವರಿಯೂ ಒಬ್ಬಳು. ಮಗಳು ಹೋದಂದಿನಿಂದ ದೇವವ್ವ ಗುಡಿಗೆ ಹೋಗುವಂತಿರಲಿಲ್ಲ. ಶನಿವಾರ ಬಂದರೆ ಹಿತ್ತಲಲ್ಲಿ ನಿಂತು ಕದರಮಂಡಲಗಿಯ ಹನುಮಪ್ಪನ ಗುಡಿಯ ದಿಕ್ಕಿಗೆ ಕೈ ಮುಗಿದು ಒಳಗೆ ಬರುತ್ತಿದ್ದಳು. ಕೊಟ್ಟವನೂ ಹನುಮಪ್ಪ, ಕರೆದುಕೊಂಡವನೂ ಹನುಮಪ್ಪ ಎಂದು ಅವಳು ಮನಸ್ಸಿಗೆ ಹೇಳಿಕೊಂಡಿದ್ದಳು. ಮನಸ್ಸು ಮೆಲ್ಲಗೆ ಕೇಳತೊಡಗಿತ್ತು ಕೂಡ. ಆದರೆ ಅದು ಕೇಳದಿದ್ದ ಮಾತು ಬೇರೆ ಇತ್ತು. ಆ ಹೆಂಗಸರ ಗುಂಪನ್ನು ಕಟ್ಟಿ ಕೆಲಸಕ್ಕೆ ಕರೆದೊಯ್ಯುತ್ತಿದ್ದವಳು ಫಕ್ಕೀರವ್ವ. ದೇವವ್ವನೂ ಅವಳೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಒಬ್ಬರ ಹಿಟ್ಟು ಮುಗಿದರೆ ಇನ್ನೊಬ್ಬರ ಡಬ್ಬಿಗೆ ಕೈ ಹಾಕುತ್ತಿದ್ದವರು. ಆ ಫಕ್ಕೀರವ್ವ ಕೈ ಮುರಿದುಕೊಂಡು ಬದುಕಿ ಬಂದಳು. ಬಂದವಳು ದೇವವ್ವನ ಮನೆಗೆ ಮಾತಾಡಿಸಲು ಬರಲಿಲ್ಲ. ಭವನದ ಕಡೆಗೂ ಬರುತ್ತಿರಲಿಲ್ಲ.

"ಇಲ್ಲಿ ಇರಬೇಕಾದವರು ಯಾರರೆ ಬಂದಿಲ್ಲೇನ್ರಿ?" ಎಂದು ಶೈಲಶ್ರೀ ಕೇಳಿದಳು.

ಯಾರೂ ಹೆಸರೆತ್ತಲಿಲ್ಲ. ಕಣ್ಣುಗಳು ಮಾತ್ರ ದೇವವ್ವನ ಕಡೆ ತಿರುಗಿದವು.

"ನನ್ನ ಯಾಕ ನೋಡ್ತೀರಿ?" ಎಂದಳು ದೇವವ್ವ, ಕೈ ನಿಲ್ಲಿಸದೆ. "ಆಕಿನ್ನ ನಾ ಕಟ್ಟಿಹಾಕೀನೇನು? ಊರಾಗಿನ ಮಂದಿಯೆಲ್ಲಾ ಬಂದು ಮಾತಾಡಿಸಿ ಹೋದರು. ರಾಣೆಬೆನ್ನೂರಿಂದ ಬೀಜದ ಅಂಗಡಿಯಾಂವ ಸೈತ ಬಂದ. ಎರಡು ಮನಿ ಆಚೀಗಿದ್ದಾಕಿಗೆ ಬರಾಕ ಆಗ್ಲಿಲ್ಲ. ನನ್ನ ಮಗಳು ಹೋದದ್ದಕ್ಕ ಹನುಮಪ್ಪನ್ನ ಕೇಳಿಕೊಂಡೇನಿ. ಇದಕ್ಕ ಯಾರನ್ನ ಕೇಳ್ಲಿ?"

ಟೆಂಪೊದಲ್ಲಿ ಫಕ್ಕೀರವ್ವನ ಪಕ್ಕದಲ್ಲೇ ಕುಳಿತಿದ್ದು ಬದುಕಿಬಂದ ಸಿಮ್ರಾನ ತಲೆಯೆತ್ತಿದಳು.

"ಚಿಗವ್ವ, ಒಂದ್ ಮಾತ ಹೇಳ್ಲೇನು? ಸಿಟ್ಟಾಗಬ್ಯಾಡ. ನಿನ್ನೆ ಆಕಿ ಮನಿಗೆ ಹೋಗಿದ್ದೆ. ಆಕಿನೂ ಇದನ್ನ ಅಂದ್ಲು. 'ಕೈ ಮುರಕೊಂಡು ಬಂದೇನಿ, ಊರ ಮಂದಿಯೆಲ್ಲಾ ಬಂದ್ರು, ದೇವವ್ವ ಒಬ್ಬಾಕಿ ಬರ್ಲಿಲ್ಲ. ಆಕಿ ಮನಸಿನಾಗ ನಾನ ಕೊಂದಾಕಿ ಆಗೇನಿ, ಇನ್ನ ಯಾವ ಮಾರಿ ಇಟ್ಕೊಂಡು ಆಕಿ ಬಾಗಲಕ್ಕ ಹೋಗ್ಲಿ' ಅಂದ್ಲು."

ದೇವವ್ವನ ಕೈ ನಿಂತಿತು. "ಸತ್ತ ಮನಿಯಾಕಿ ನಾನು. ವರ್ಷದ ಹಬ್ಬ ಆಗೂಮಟ ಇನ್ನೊಬ್ಬರ ಹೊಸ್ತಿಲ ತುಳಿಯೂವಂಗಿಲ್ಲ. ಆಕಿಗೆ ಗೊತ್ತಿಲ್ಲೇನದು?"

"ಗೊತ್ತೈತಿ. ದುಃಖದಾಗ ಅದೆಲ್ಲಾ ಎಲ್ಲಿ ನೆನಪಾಗ್ತೈತಿ, ಚಿಗವ್ವ."

"ಹಂಗಾದ್ರ ಇಬ್ಬರೂ ಒಬ್ಬರ ದಾರಿ ಒಬ್ಬರು ಕಾಯ್ಕೊಂತ ಕುಂತೀರಿ," ಎಂದಳು ಗುಡ್ಡವ್ವ. "ಇಬ್ಬರೂ ಶಾಣ್ಯಾರು ಅನ್ಕೊಂಡಿದ್ದೆ ನಾನು."

ದೇವವ್ವನ ಮುಖದಲ್ಲಿ ಮೊದಲು ನಾಚಿಕೆಯೂ ಆಮೇಲೆ ಹಟವೂ ಕಂಡಿತು. "ಆದ್ರ ನಾ ಆಕಿ ಮನಿಗೆ ಹೋಗೂವಂಗಿಲ್ಲ. ಆಕಿ ಮನ್ಯಾಗೂ ಮಕ್ಕಳು ಮರಿ ಅದಾವು. ಕೆಡಕು ಹೊತ್ಕೊಂಡು ಹೋದಂಗ ಆಗ್ತೈತಿ."

"ಹೋಗಬ್ಯಾಡ್ರಿ," ಎಂದಳು ಶೈಲಶ್ರೀ. "ನಿಮ್ಮ ಪದ್ಧತಿ ಮುರೀರಿ ಅಂತ ನಾ ಅನ್ನಂಗಿಲ್ಲ. ಇಲ್ಲಿಗೆ ಹೆಂಗ ಬಂದ್ರಿ ನೀವು?"

"ಇದು ಮನಿ ಅಲ್ಲಲ್ರಿ."

"ಪಂಚಾಯ್ತಿಯವರು ಕಟ್ಟಿಸಿದ್ದು," ಎಂದು ಗುಡ್ಡವ್ವ ಗೋಡೆಯ ಕಡೆ ಕೈ ತೋರಿಸಿದಳು. "ಸುಣ್ಣ ಹಚ್ಚಾಕೂ ಗತಿ ಇಲ್ಲ ಅವರಿಗೆ. ಇದಕ್ಕ ಯಾವ ಸೂತಕ ಹತ್ತತೈತಿ?"

ಹೆಂಗಸರು ನಕ್ಕರು. ದೇವವ್ವ ನಗಲಿಲ್ಲ. ಮಡಿಲಲ್ಲಿ ಬಿದ್ದ ತೊಟ್ಟುಗಳನ್ನು ಕೊಡವಿ ಮೇಲೆದ್ದಳು. ಹೊರಗೆ ನಡೆದಳು. ಸಿಮ್ರಾನ ಏಳಹೋದಳು. ಶೈಲಶ್ರೀ ಅವಳ ಮೊಣಕೈ ಹಿಡಿದು ಕೂಡಿಸಿದಳು.

ಓಣಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಫಕ್ಕೀರವ್ವನ ಮನೆಯ ಬಾಗಿಲು ಅರ್ಧ ತೆರೆದಿತ್ತು. ದೇವವ್ವ ಗಟಾರದ ಈಚೆಗೆ, ರಸ್ತೆಯಲ್ಲೇ ನಿಂತು ಕರೆದಳು.

"ಫಕ್ಕೀರವ್ವ, ಹೊರಗ ಬಾ."

ಒಳಗೆ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಫಕ್ಕೀರವ್ವ ಹೊಸ್ತಿಲಿನವರೆಗೆ ಬಂದು ನಿಂತಳು. ಬಲಗೈಗೆ ಇನ್ನೂ ಪಟ್ಟಿ ಇತ್ತು. ತಲೆಯನ್ನು ಯಾರೋ ಬಾಚಿದ್ದರು, ಬೈತಲೆ ಸೊಟ್ಟಗಿತ್ತು. ಅವಳು ಇಷ್ಟು ಸೊರಗಿರಬಹುದೆಂದು ದೇವವ್ವ ಎಣಿಸಿರಲಿಲ್ಲ.

"ನಾ ಒಳಗ ಬರೂವಂಗಿಲ್ಲ," ಎಂದಳು ದೇವವ್ವ. "ಅದಕ್ಕ ಇಷ್ಟು ದಿನ ಬಂದಿಲ್ಲ. ಬ್ಯಾರೆ ಏನೂ ಇಲ್ಲ. ಅದನ್ನ ಹೇಳಾಕ ಬಂದೆ."

ಫಕ್ಕೀರವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ತಲಿ ನೋಯ್ತೈತಿ ಅಂದಿದ್ಲು ಅವತ್ತ ಮಹೇಶ್ವರಿ. ಏಳವ್ವ, ಗಾಳಿಗೆ ಬಂದ್ರ ಹೋಗ್ತೈತಿ ಅಂತ ನಾನ ಕರಕೊಂಡು ಹೋದೆ."

"ನಂಗೂ ಅಂದಿದ್ಲು. ಹೋಗು ಅಂತ ನಾನ ಬುತ್ತಿ ಕಟ್ಟಿ ಕೊಟ್ಟೆ."

ಎಮ್ಮೆಯೊಂದು ಅವರಿಬ್ಬರ ನಡುವೆ ಹಾದುಹೋಯಿತು. ಅದು ಪೂರ್ತಿ ದಾಟುವ ತನಕ ಕಾದು ದೇವವ್ವ ಹೇಳಿದಳು:

"ಚಪ್ಪಲಿ ಮೆಟ್ಕೊಂಡು ಬಾ. ಅಲ್ಲಿ ಗುಡ್ಡವ್ವ ಒಂದಕ್ಕ ನಾಕು ಹೇಳಾಕತ್ತಾಳ. ಆಕಿ ಬಾಯಿಗೆ ನಾ ಒಬ್ಬಾಕಿ ಸಾಲಂಗಿಲ್ಲ."

ಫಕ್ಕೀರವ್ವ ಎಡಗೈಯಿಂದ ಸೆರಗು ಸರಿಪಡಿಸಿಕೊಳ್ಳಹೋದಳು, ಆಗಲಿಲ್ಲ. ಹೊಸ್ತಿಲು ದಾಟಿ, ಗಟಾರದ ಹಾಸುಗಲ್ಲಿನ ಮೇಲೆ ಹಾದು ರಸ್ತೆಗೆ ಬಂದಳು. ದೇವವ್ವ ಅವಳ ಸೆರಗನ್ನು ಹಿಂದಿನಿಂದ ಎಳೆದು ಭುಜದ ಮೇಲೆ ಹೊದಿಸಿದಳು. ಇಬ್ಬರೂ ಭವನದ ಕಡೆ ನಡೆದರು.

ಭವನದಲ್ಲಿ ಅವರಿಗಾಗಿ ಯಾರೂ ಎದ್ದು ನಿಲ್ಲಲಿಲ್ಲ. ಇಬ್ಬರು ಸರಿದು ಜಾಗ ಮಾಡಿದರು, ಅಷ್ಟೆ. ಗುಡ್ಡವ್ವ ಫಕ್ಕೀರವ್ವನ ಮುಂದೆ ಒಂದು ರಾಶಿ ಕಾಯಿ ತಳ್ಳಿದಳು.

"ಒಂದ ಕೈ ಐತಿ ಅಂತ ಪಾಲು ಕಮ್ಮಿ ಮಾಡಂಗಿಲ್ಲ ನಾವು."

"ನಾ ಕೇಳಿದ್ನೇನು?" ಎಂದಳು ಫಕ್ಕೀರವ್ವ. ಊರಿನವರು ಅವಳ ಆ ದನಿಯನ್ನು ಮರೆತೇಬಿಟ್ಟಿದ್ದರು.

ಕೆಲಸ ಸಾಗಿತು. ಫಕ್ಕೀರವ್ವ ಕಾಯಿಯನ್ನು ಮೊಣಕಾಲಿಗೆ ಒತ್ತಿಹಿಡಿದು ಎಡಗೈಯಿಂದ ತೊಟ್ಟು ಬಿಡಿಸುತ್ತಿದ್ದಳು. ಸಿಮ್ರಾನ ಮಹೇಶ್ವರಿಯ ಮಾತು ತೆಗೆದಳು: ಟೆಂಪೊ ಹೊರಟೊಡನೆ ಅವಳು ಮುಂದಿನ ಸೀಟಿಗಾಗಿ ಹೊಳಿಯಪ್ಪನೊಡನೆ ಜಗಳ ತೆಗೆಯುತ್ತಿದ್ದುದು, ಅವನು ಬೇಕೆಂದೇ ಹಾಡಿನ ಸದ್ದು ಏರಿಸುತ್ತಿದ್ದುದು. ದೇವವ್ವನಿಗೆ ಇದು ಗೊತ್ತಿರಲಿಲ್ಲ. ಮನೆಯಲ್ಲಿ ಮಗಳು ಅಷ್ಟು ಬಾಯಿಯವಳಾಗಿರಲಿಲ್ಲ. "ಮತ್ತ?" ಎಂದು ಕೇಳಿದಳು. ಸಿಮ್ರಾನ ಹೇಳುತ್ತ ಹೋದಳು. ಮಗಳ ಇನ್ನಷ್ಟು ದಿನಗಳು ತನಗೆ ಸಿಕ್ಕವೆಂಬಂತೆ ದೇವವ್ವ ಕೇಳುತ್ತ ಕುಳಿತಳು.

ಅವಳ ಭುಜದ ಮೇಲೆ ಭಾರ ಬಿದ್ದಂತಾಯಿತು. ತಿರುಗಿ ನೋಡಿದರೆ ಫಕ್ಕೀರವ್ವ ಒರಗಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

"ದವಾಖಾನಿಯಿಂದ ಬಂದಾಗಿಂದ ಕಣ್ಣು ಮುಚ್ಚಿಲ್ಲಂತ ಆಕಿ," ಎಂದು ಸಿಮ್ರಾನ ಪಿಸುಗುಟ್ಟಿದಳು.

ಹೊರಗೆ ಹಾವೇರಿಯ ಬಸ್ಸು ಹಾರ್ನ್ ಹೊಡೆಯಿತು. ತನ್ನ ಚೀಲ ಹೆಗಲಿಗೇರಿಸಿ ಎದ್ದಿದ್ದ ಶೈಲಶ್ರೀ ಆ ಇಬ್ಬರನ್ನು ನೋಡಿ ಮತ್ತೆ ಕುಳಿತಳು. ಬಸ್ಸು ಹೋಯಿತು. ಹೆಂಗಸರು ದನಿ ತಗ್ಗಿಸಿಕೊಂಡು ಮಾತು ಮುಂದುವರಿಸಿದರು. ದೇವವ್ವ ಭುಜ ಅಲುಗದಂತೆ ಮೆಲ್ಲಗೆ ಕೈ ಚಾಚಿ, ಫಕ್ಕೀರವ್ವನ ಮುಂದಿದ್ದ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು.