ನೀಲಿ ತೊಟ್ಟಿಗೆ ಬಿದ್ದವರು ಯಾರು

ಹಲ್ಲಿನ ಡಾಕ್ಟರಿಗೆ ಅರವತ್ತು ತುಂಬಿತ್ತು, ಆದರೂ ಮನೆಮಂದಿಗೆಲ್ಲ ಅವಳು ‘ನೀಲಿ’ಯೇ. ಆ ಅಡ್ಡಹೆಸರು ಇಟ್ಟವನು, ಅವಳಿಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಅಣ್ಣ, ಈಗ ಅವಳದೇ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಅಂಥ ಯೋಗ ದಿನಾ ಕೂಡಿಬರುವುದಿಲ್ಲ.

ಅವರಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದರು. ಚಿಕ್ಕವರಿದ್ದಾಗ ಒಂದು ದಿನ ಅಣ್ಣ ತಂಗಿ ಇಬ್ಬರೂ ನೀಲಿ ಬಣ್ಣದ ತೊಟ್ಟಿಯಿಂದ ತೊಟ್ಟಿಕ್ಕುತ್ತ ಎದ್ದು ಬಂದರು. ಎಂಟು ದಿನ ಉಜ್ಜಿದರೂ ಬಣ್ಣ ಬಿಡಲಿಲ್ಲ. ಬಿದ್ದವರು ಯಾರು, ಎತ್ತಿದವರು ಯಾರು ಎಂದು ಮೈ ನೋಡಿ ಹೇಳುವಂತಿರಲಿಲ್ಲ. ಬಿದ್ದವಳು ತಂಗಿ, ಎತ್ತಿದವನು ತಾನು ಎಂದು ಅಣ್ಣನೇ ಮೊದಲು ಬಾಯಿಬಿಟ್ಟ. ಅಂದಿನಿಂದ ಮನೆಯಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಅದೇ ಕಥೆ, ಪ್ರತಿಸಲವೂ ಹೊಸ ಉಪ್ಪುಖಾರ. ಅವಳು ಅಡ್ಡಬಾಯಿ ಹಾಕಿದರೆ, ಆರು ವರ್ಷದ ಹುಡುಗಿ ಒಂಬತ್ತು ವರ್ಷದವನನ್ನು ಎತ್ತುವುದುಂಟೇ ಎಂದು ಎಲ್ಲರೂ ನಗುತ್ತಿದ್ದರು.

ಈಗ ಅಣ್ಣನ ಮೊಮ್ಮಗಳು ಮನೆತನದ ಕಥೆಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡಿದ್ದಳು. ನಾಳೆ ಅದು ಅಚ್ಚಿಗೆ. ತಾತನನ್ನು ಕರೆದುಕೊಂಡು ಬಂದವಳು ಕಡೆಯ ಕರಡನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಳು. ಅಚ್ಚಾಯಿತೋ ಮುಗಿಯಿತು, ಡಾಕ್ಟರು ಸತ್ತ ಮೇಲೂ ತೊಟ್ಟಿಗೆ ಬಿದ್ದವಳಾಗಿಯೇ ಉಳಿಯಬೇಕು.

ಅವಳು ದವಡೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಅಣ್ಣನ ಕೆನ್ನೆಯೊಳಗೆ ಹತ್ತಿ ತುರುಕಿದಳು. ಎರಡು ಉಂಡೆ ಸಾಕಿತ್ತು, ನಾಲ್ಕು ಇಟ್ಟಳು.

“ಪೆನ್ ತಗೋ ಪುಟ್ಟಿ,” ಎಂದಳು. “ಆ ತೊಟ್ಟಿ ಕಥೆ ಸ್ವಲ್ಪ ತಿದ್ದೋದಿದೆ.”

ಹಲ್ಲು ಕೊರೆಯುತ್ತ ಹೇಳುತ್ತ ಹೋದಳು. ತೊಟ್ಟಿಯ ಅಂಚಿನ ಮೇಲೆ ಒಂಟಿಕಾಲಲ್ಲಿ ಕುಂಟುತ್ತ ಸುತ್ತು ಬರುತ್ತೇನೆಂದು ಜಂಬ ಕೊಚ್ಚಿದ್ದು ಯಾರು, ಕಾಲು ಜಾರಿದ್ದು ಯಾರದು, ತಾನು ಒಳಗಿನ ಮೆಟ್ಟಿಲಿಗಿಳಿದು ಕುತ್ತಿಗೆವರೆಗೆ ಮುಳುಗಿ ಎಳೆದದ್ದು ಯಾರ ತಲೆಗೂದಲನ್ನು. ಮೇಲೆ ಬಂದ ವೀರನ ಚಡ್ಡಿ ಒಳಗೇ ಉಳಿದಿತ್ತು ಎಂದೂ ಸೇರಿಸಿದಳು. ಅದು ಸುಳ್ಳು. ಆದರೆ ಉಪ್ಪುಖಾರವೇನು ಅವನೊಬ್ಬನ ಸೊತ್ತೇ?

ಅಣ್ಣ ಗುರುಗುಟ್ಟಿದ, ಕೈಯೆತ್ತಿದ. ಅಲ್ಲಾಡಿದರೆ ನಾಲಿಗೆಗೆ ತಾಗುತ್ತದೆ ಎಂದು ಅವಳು ಗದರಿಸಿದಳು. ಮೊಮ್ಮಗಳು ಮುಸಿಮುಸಿ ನಗುತ್ತ ಬರೆದುಕೊಂಡಳು. ಆದರೆ ಕೊನೆಗೆ, ತಾತ ಒಪ್ಪದೆ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ ಎಂದುಬಿಟ್ಟಳು. ತಂಗಿ ಹಲ್ಲು ತುಂಬಿ ಮುಗಿಸಿ, ವಿಧಿಯಿಲ್ಲದೆ ಹತ್ತಿ ತೆಗೆದಳು.

ಅಣ್ಣ ಬಾಯಿ ಮುಕ್ಕಳಿಸಿ, ಸೊಟ್ಟಗಾಗಿದ್ದ ತುಟಿ ಒರೆಸಿಕೊಂಡ.

“ಚಡ್ಡಿ ಇತ್ತು,” ಎಂದ. ಮೊಮ್ಮಗಳ ಕಡೆ ತಿರುಗಿದ. “ಉಳಿದಿದ್ದೆಲ್ಲ ನಿಜ. ಇನ್ನೊಂದು ಬರ್ಕೋ. ಬಿದ್ದೋರಿಗೆ ಅಪ್ಪ ಬಾರಿಸ್ತಾರೆ ಅಂತ ನಂಗೊತ್ತಿತ್ತು. ಆ ಏಟು ಇವಳು ತಿಂದ್ಲು. ನಾನು ಬಾಗಿಲ ಹಿಂದೆ ನಿಂತು ನೋಡ್ತಿದ್ದೆ.”

ಅದೊಂದನ್ನು ಅವಳು ಬೇಕೆಂದೇ ಬಿಟ್ಟಿದ್ದಳು. ಮೊಮ್ಮಗಳ ಮುಂದೆ ಅಣ್ಣನನ್ನು ಅಷ್ಟು ಕೆಳಗಿಳಿಸಲು ಮನಸ್ಸು ಬಂದಿರಲಿಲ್ಲ. ಈಗ ಮುದುಕನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿ ಬಂತು.

“ಎರಡು ಗಂಟೆ ಏನೂ ತಿನ್ಬೇಡ ಅಣ್ಣ,” ಎಂದಳು.