ನೋಡಿದ್ದನ್ನೇ ಬರೆಯಿರಿ

ದಿಂಬಿನ ಕೆಳಗೆ ಟಿಣ್ ಎಂದಿತು. ಚಮಚ ಲೋಟಕ್ಕೆ ತಾಗಿದಷ್ಟು ಸಣ್ಣ ಸದ್ದು. ಅವಳು ಮಲಗಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಫೋನ್ ಎಳೆದುಕೊಂಡಳು. ಹನ್ನೆರಡೂ ಕಾಲು. ‘ಮೇಡಂ, ಅರ್ಧ ಮಾರ್ಕು ಮಾತ್ರ. ನಮ್ಮಪ್ಪ ಕೊಂದೇ ಬಿಡ್ತಾರೆ.’ ಅದರ ಕೆಳಗೆ ಸಾಲಾಗಿ ಮುಗಿದ ಕೈಗಳು.

“ಯಾರದು?” ಪಕ್ಕದಲ್ಲಿ ಗಂಡ ಮಗ್ಗುಲು ಬದಲಿಸಿದ.

“ಫಸ್ಟ್ ಇಯರ್ ಫಿಸಿಕ್ಸ್.”

“ಇಡೀ ಕ್ಲಾಸಾ?”

“ಒಬ್ಬ. ಅರ್ಧ ಮಾರ್ಕು ಬೇಕಂತೆ.”

“ಕೊಟ್ಟು ಮಲಗಬಾರದಾ? ನಿನ್ನ ಗಂಟೇನು ಹೋಗುತ್ತೆ?”

ಅವಳು ಫೋನನ್ನು ಮತ್ತೆ ದಿಂಬಿನ ಕೆಳಗೆ ತಳ್ಳಿದಳು. ಉತ್ತರ ಕೊಟ್ಟರೆ ಇಬ್ಬರಿಗೂ ನಿದ್ದೆ ಕೆಡುತ್ತಿತ್ತು.

ಹನ್ನೊಂದು ವರ್ಷದಿಂದ ಅವಳು ಇದೇ ಪಾಠ ಮಾಡುತ್ತಿದ್ದಳು. ಕಾಲೇಜಿನಲ್ಲಿ ಅವಳಿಗೆ ‘ಅರ್ಧ ಮಾರ್ಕಿನ ಮೇಡಂ’ ಎಂಬ ಹೆಸರಿತ್ತು. ಅದು ಅವಳಿಗೂ ಗೊತ್ತಿತ್ತು. ಪ್ರತಿ ವರ್ಷ ಮೊದಲ ದಿನ ಒಂದು ಹಾಳೆ ಹಂಚುತ್ತಿದ್ದಳು, ‘ನಾನು ನಿಮ್ಮಿಂದ ನಿರೀಕ್ಷಿಸುವುದು’ ಎಂದು. ಎರಡು ರಾತ್ರಿ ಕೂತು ಬರೆದ ಹಾಳೆ. ಅದರ ಏಳನೆಯ ಸಾಲು: ‘ಪ್ರಯೋಗದಲ್ಲಿ ನೋಡಿದ್ದನ್ನೇ ಬರೆಯಿರಿ. ಬಂದ ಉತ್ತರ ತಪ್ಪೆನಿಸಿದರೂ ಚಿಂತೆಯಿಲ್ಲ.’ ಒಂದು ವಾರದೊಳಗೆ ಅದರ ಬೆನ್ನ ಮೇಲೆ ಚುಕ್ಕಿಯಾಟ ಆಡಿರುವುದು ಕಾಣುತ್ತಿತ್ತು.

ಅಂಕ ಕೊಡುವ ಪಟ್ಟಿ ಮಾತ್ರ ಅವಳದಲ್ಲ. ಅದನ್ನು ವಿಭಾಗದ ಮುಖ್ಯಸ್ಥರು ಮಾಡಿದ್ದರು. ಪ್ರಯೋಗಕ್ಕೆ ಹತ್ತು. ಅಚ್ಚುಕಟ್ಟಿಗೆ ಮೂರು, ಅಳತೆಗಳಿಗೆ ಮೂರು, ಉತ್ತರಕ್ಕೆ ನಾಲ್ಕು. ಪುಸ್ತಕದಲ್ಲಿ ಕೊಟ್ಟ ಉತ್ತರಕ್ಕಿಂತ ನೂರಕ್ಕೆ ಒಂದರಷ್ಟು ಆಚೀಚೆಯಾದರೆ ಅಳತೆಗೂ ಉತ್ತರಕ್ಕೂ ಸೊನ್ನೆ. ಈ ಪಟ್ಟಿ ತನ್ನ ಏಳನೆಯ ಸಾಲಿನ ಕತ್ತು ಹಿಸುಕುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದೆರಡು ಸಲ ಮೀಟಿಂಗಿನಲ್ಲಿ ಹೇಳಬೇಕೆಂದು ಬಾಯಿ ತೆರೆದದ್ದೂ ಉಂಟು. ಅಷ್ಟರಲ್ಲಿ ಕಾಫಿ ಬರುತ್ತಿತ್ತು.

ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದದ್ದು ಅರ್ಧ ಮಾರ್ಕಿನವನಲ್ಲ, ಯಾಕಮ್ಮ. ಮಾತು ಮಾತಿಗೂ “ಯಾಕೆ ಮೇಡಂ?” ಎನ್ನುವುದರಿಂದ ಗೆಳತಿಯರೇ ಇಟ್ಟ ಹೆಸರು. ಟೆಸ್ಟಿನಲ್ಲಿ ಐದು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಬರೆಯುವಷ್ಟರಲ್ಲಿ ಅವಳ ಗಂಟೆ ಮುಗಿಯುತ್ತಿತ್ತು. ಆ ಎರಡರಲ್ಲಿ ತಪ್ಪು ಹುಡುಕಲು ಸಾಧ್ಯವಿರುತ್ತಿರಲಿಲ್ಲ. ಹೀಗಾಗಿ ಇಪ್ಪತ್ತಕ್ಕೆ ಎಂಟು. ಪ್ರಯೋಗದಲ್ಲಿ ಹತ್ತಕ್ಕೆ ಮೂರು. ಒಟ್ಟು ಹನ್ನೊಂದು. ಹನ್ನೆರಡಿಲ್ಲದವರು ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ಮುಂದಿನ ವರ್ಷ ಮತ್ತೆ ಮೊದಲಿಂದ. ಅಂಕಪಟ್ಟಿಗೆ ಮುಖ್ಯಸ್ಥರ ಸಹಿ ಬೀಳುವುದು ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ.

“ನೀನೂ ಮಾರ್ಕಿಗೇ ಬಂದ್ಯಾ?”

“ಅಲ್ಲ ಮೇಡಂ. ನಾನು ಎಲ್ಲಿ ತಪ್ಪು ಮಾಡಿದೆ ಅಂತ ಕೇಳೋಕೆ.”

“ಉತ್ತರ ಹತ್ತು ಪಾಯಿಂಟ್ ಸೊನ್ನೆ ಎರಡು ಅಂತ ಬರೆದಿದೀಯ. ಗುರುತ್ವದ ಬೆಲೆ ಎಷ್ಟು ಕಣಮ್ಮಾ? ಶಾಲೆ ಮಕ್ಕಳೂ ಹೇಳ್ತಾರೆ, ಒಂಬತ್ತು ಪಾಯಿಂಟ್ ಎಂಟು.”

“ಹೌದು ಮೇಡಂ. ಆದ್ರೆ ನನಗೆ ಹತ್ತೇ ಬಂತು. ಮೂರು ಸಲ ಮಾಡಿದೆ.”

“ಮತ್ತೆ ಉಳಿದ ನಲವತ್ತೊಂದು ಜನಕ್ಕೆ? ಅದೇ ಲೋಲಕ, ಅದೇ ದಾರ, ಅದೇ ಸ್ಕೇಲು. ಅವರಿಗೆಲ್ಲ ಸರಿಯಾಗಿ ಬಂದಿದ್ದು ಹೇಗೆ?”

ಯಾಕಮ್ಮ ಚೀಲದ ಪಟ್ಟಿ ಹಿಡಿದುಕೊಂಡಳು. “ಅದು ನನಗೆ ಗೊತ್ತಿಲ್ಲ ಮೇಡಂ.”

ಹೇಳಿದ ರೀತಿಯಲ್ಲೇ ಅವಳಿಗೆ ಗೊತ್ತಿದೆ ಎಂದು ತಿಳಿಯಿತು. ಮೇಡಮ್ಮಿಗೆ ರೇಗಿಹೋಯಿತು. ರಾತ್ರಿಯ ನಿದ್ದೆ ಬೇರೆ ಕೆಟ್ಟಿತ್ತು. “ನಡಿ, ಲ್ಯಾಬಿಗೆ ನಡಿ. ನಾನೇ ಮಾಡಿ ತೋರಿಸ್ತೀನಿ. ಆಮೇಲೆ ಇನ್ನೊಂದು ಸಲ ಯಾಕೆ ಅಂದ್ರೆ ನೋಡು.”

ಲ್ಯಾಬಿನ ಅಟೆಂಡರ್ ಸೊಂಟದಲ್ಲಿ ಗೊಂಚಲು ಗೊಂಚಲು ಕೀಲಿ ನೇತಾಡಿಸಿಕೊಂಡಿರುತ್ತಿದ್ದ. ಎಲ್ಲರಿಗೂ ಅವನು ಚಾವಿಯಣ್ಣ. ಬಾಗಿಲು ತೆಗೆದು, “ಓದೋ ರಜೆಯಲ್ಲೂ ಬಿಡಲ್ವಾ ಮೇಡಂ ಈ ಮಗೂನ?” ಎಂದ.

“ಈ ಮಗುವೇ ನನ್ನ ಬಿಡ್ತಿಲ್ಲ ಚಾವಿಯಣ್ಣ.”

ದಾರಕ್ಕೆ ಹಿತ್ತಾಳೆ ಗುಂಡು ಕಟ್ಟಿ, ಮರದ ಸ್ಕೇಲಿನ ಕೆಳತುದಿಯನ್ನು ಗುಂಡಿಗೆ ಸಮನಾಗಿ ಹಿಡಿದು, ಸರಿಯಾಗಿ ನೂರು ಸೆಂಟಿಮೀಟರಿಗೆ ಬಿಗಿದಳು. ಗುಂಡನ್ನು ಸ್ವಲ್ಪವೇ ಎಳೆದು ಬಿಟ್ಟಳು. ಇಪ್ಪತ್ತು ತೂಗು. ಕೈಯಲ್ಲಿದ್ದ ಸ್ಟಾಪ್ ಗಡಿಯಾರ ನಿಲ್ಲಿಸಿದಳು. ಪುಸ್ತಕದ ಪ್ರಕಾರ ನಲವತ್ತು ಸೆಕೆಂಡಿನ ಮೇಲೆ ಒಂದು ಚೂರು ಆಗಬೇಕು. 39.7. ಬೆರಳು ತಡವಾಗಿರಬೇಕು ಎಂದುಕೊಂಡಳು. ತಡವಾಗಿದ್ದರೆ ಹೆಚ್ಚಾಗಬೇಕಿತ್ತು, ಕಡಿಮೆಯಲ್ಲ. ಮತ್ತೆ ಮಾಡಿದಳು. 39.7. ಫ್ಯಾನ್ ಆರಿಸಿ, ಕಿಟಕಿ ಹಾಕಿಸಿ, ಮೂರನೆಯ ಸಲ. 39.8. ಯಾಕಮ್ಮ ಗುಂಡನ್ನೇ ನೋಡುತ್ತಿದ್ದಳು. ಯಾಕೆ ಅಂದಿದ್ದರೆ ಬೈಯಬಹುದಿತ್ತು.

ಅವಳು ಸ್ಕೇಲನ್ನು ಬೆಳಕಿಗೆ ಹಿಡಿದಳು. ಕೆಳತುದಿಯ ಅಂಕಿಗಳು ಕೈ ತಾಗಿ ತಾಗಿ ಅಳಿಸಿಹೋಗಿದ್ದವು. ಮೊದಲು ಕಾಣುತ್ತಿದ್ದದ್ದು ಹತ್ತು. ಯಾಕಮ್ಮನ ಕಂಪಾಸ್ ಪೆಟ್ಟಿಗೆಯಿಂದ ಪುಟ್ಟ ಸ್ಕೇಲು ತೆಗೆದು ತುದಿಯಿಂದ ಹತ್ತರವರೆಗೆ ಇಟ್ಟು ನೋಡಿದಳು. ಎಂಟೇ ಸೆಂಟಿಮೀಟರ್ ಇತ್ತು.

“ಚಾವಿಯಣ್ಣ, ಈ ಸ್ಕೇಲಿಗೆ ಏನಾಗಿದೆ?”

“ಅದಾ? ಬಾಗಿಲಿಗೆ ಸಿಕ್ಕಿ ತುದಿ ಸೀಳಿತ್ತು. ಮಕ್ಕಳ ಕೈಗೆ ಸೀಳು ಚುಚ್ಚುತ್ತೆ ಅಂತ ಗರಗಸದಲ್ಲಿ ನೀಟಾಗಿ ಕೊಯ್ದು ಉಜ್ಜಿದೆ.”

“ಯಾವಾಗ?”

“ನಾಲ್ಕು ವರ್ಷ ಆಯ್ತೇನೋ.”

“ನಾಲ್ಕು ವರ್ಷ! ಹೇಳೋದಲ್ವಾ?”

“ಹೇಳೋಣ ಅಂತಿದ್ದೆ ಮೇಡಂ. ಆದ್ರೆ ಎಲ್ಲರಿಗೂ ಸರಿಯಾಗೇ ಬರ್ತಿತ್ತಲ್ಲ. ಯಾರೂ ಒಂದು ದಿನ ಕೇಳಲಿಲ್ಲ. ಸರಿ, ಈ ಲೆಕ್ಕಕ್ಕೆ ಅದು ಬೇಕಾಗಲ್ಲವೇನೋ ಅಂದ್ಕೊಂಡೆ.”

ಅವಳು ಸ್ಟೂಲಿನ ಮೇಲೆ ಕೂತಳು. ನಾಲ್ಕು ವರ್ಷ, ವರ್ಷಕ್ಕೆ ನಲವತ್ತು ಚಿಲ್ಲರೆ ಮಕ್ಕಳು. ಪ್ರತಿಯೊಬ್ಬರೂ ಎರಡು ಸೆಂಟಿಮೀಟರ್ ಗಿಡ್ಡ ದಾರವನ್ನು ತೂಗಿಬಿಟ್ಟು, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, 40.1 ಎಂದು ದುಂಡಗೆ ಬರೆದಿದ್ದರು. ಅವಳು ಅಷ್ಟಕ್ಕೂ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಹತ್ತು ಹಾಕಿದ್ದಳು, ಕೆಲವು ಕಡೆ ‘ಉತ್ತಮ’ ಎಂದೂ.

“ನಿನ್ನ ರಫ್ ಪುಸ್ತಕ ಕೊಡು.”

ಯಾಕಮ್ಮ ಹಿಂದೆ ಮುಂದೆ ನೋಡಿ ಕೊಟ್ಟಳು. ಮೂರು ಸಲದ ಅಳತೆಗಳೂ ಇದ್ದವು, ಗೀಚಿ ತಿದ್ದಿದ್ದೂ ಇತ್ತು. ಮೇಡಂ ಸುಮ್ಮನೆ ಒಂದೊಂದೇ ಹಾಳೆ ಹಿಂದಕ್ಕೆ ಮಗುಚುತ್ತ ಹೋದಳು. ಲ್ಯಾಬಿನ ಮೊದಲ ದಿನದ ಹಾಳೆ ಬಂತು. ಅವತ್ತು ಅವಳು ಇದೇ ಲೋಲಕವನ್ನು ತೂಗಿ, ತರಗತಿಗೆ ಪ್ರಯೋಗ ಮಾಡಿ ತೋರಿಸಿದ್ದಳು. ‘ಮೇಡಂ: 40.1’ ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ, ‘ನನ್ನ ವಾಚಿನಲ್ಲಿ: 39.6’. ಆಮೇಲೆ ಒಂದು ಪ್ರಶ್ನೆಚಿಹ್ನೆ. ಅದನ್ನು ಯಾರೋ ಉಜ್ಜಿ ಅಳಿಸಲು ನೋಡಿದ್ದರು. ಪೂರ್ತಿ ಹೋಗಿರಲಿಲ್ಲ.

ಅವತ್ತು ತಾನು ಮಾತಾಡುತ್ತ ಮಾತಾಡುತ್ತ ಗುಂಡು ತೂಗಿಸಿದ್ದು ನೆನಪಿತ್ತು. ಗಡಿಯಾರ ಒತ್ತಿದ್ದು ನೆನಪಿರಲಿಲ್ಲ. 40.1 ಎಲ್ಲಿಂದ ಬಂತು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ತಾನು ಓದುವಾಗ ಬರೆದ ರೆಕಾರ್ಡಿನಿಂದ. ಅದನ್ನಾದರೂ ಗಡಿಯಾರ ನೋಡಿ ಬರೆದಿದ್ದಳೋ, ಅಥವಾ ತಾನೂ ಪಕ್ಕದವಳ ಪುಸ್ತಕದಿಂದಲೋ?

“ಇದನ್ನ ಅವತ್ತೇ ಯಾಕೆ ಕೇಳಲಿಲ್ಲ?”

“ಕೇಳೋಣ ಅಂತಿದ್ದೆ ಮೇಡಂ.” ಯಾಕಮ್ಮ ನೆಲ ನೋಡಿದಳು. “ಎಲ್ಲರ ಮುಂದೆ ಹೇಗೆ ಅಂತ...”

“ಯಾರಿಗಾದರೂ ತೋರಿಸಿದೀಯಾ?”

“ಇಲ್ಲ ಮೇಡಂ.”

ಅವಳು ಪುಸ್ತಕ ಮುಚ್ಚಿ ಹಿಂದಕ್ಕೆ ಕೊಟ್ಟಳು. ಯಾಕಮ್ಮನ ಲ್ಯಾಬ್ ರೆಕಾರ್ಡ್ ತೆರೆದು ಮೂರನ್ನು ಹೊಡೆದು ಹತ್ತು ಬರೆದಳು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದಳು. “ಅಳಿಸಬಾರದಿತ್ತು ಅದನ್ನ,” ಎಂದಳು. ಬೈದ ಹಾಗೇ ಕೇಳಿಸಿತು. “ಹೋಗು ಈಗ. ಪರೀಕ್ಷೆಯಲ್ಲಿ ಐದಕ್ಕೆ ಐದೂ ಬರೆಯೋದನ್ನ ಕಲಿ.”

ಹನ್ನೆರಡಕ್ಕೆ ಮುಖ್ಯಸ್ಥರು ಅಂಕಪಟ್ಟಿಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಂತರು. “ಏನಮ್ಮಾ, ಮೂರಿದ್ದದ್ದು ಹತ್ತಾಯ್ತು? ನಿಮ್ಮ ಕೈಯಿಂದ ಅರ್ಧ ಅಂಕ ಕೂಡ ಜಾರಲ್ಲ ಅಂತಾರೆ.”

“ನಾನು ತಪ್ಪಾಗಿ ತಿದ್ದಿದ್ದೆ ಸರ್. ಮತ್ತೆ ನೋಡಿದೆ.”

“ಉಳಿದವರದ್ದು?”

ಅವಳು ಬಾಯಿ ತೆರೆದಳು. ನಲವತ್ತೊಂದು ಹೆಸರುಗಳು ಒಂದರ ಕೆಳಗೊಂದು ಇದ್ದವು. ಅಷ್ಟರಲ್ಲಿ ಕಾಫಿ ಬಂತು. ಮುಖ್ಯಸ್ಥರು ಲೋಟಕ್ಕೆ ಕೈ ಚಾಚುತ್ತ ಇನ್ನೊಂದು ಕೈಯಲ್ಲಿ ಸಹಿ ಹಾಕಿದರು.

ಹಿಂದಿರುಗುವಾಗ ಚಾವಿಯಣ್ಣ ಲ್ಯಾಬಿಗೆ ಬೀಗ ಹಾಕಲು ಅವಳಿಗಾಗಿ ಕಾಯುತ್ತಿದ್ದ. ಅವನ ಕೈಯಲ್ಲಿ ಆ ಸ್ಕೇಲಿತ್ತು. “ಮೇಡಂ, ಇದನ್ನ ಎಸೆದುಬಿಡ್ಲಾ? ಸ್ಟೋರಿನಲ್ಲಿ ಹೊಸದಿದೆ. ಸರ್‌ಗೂ ಒಂದು ಮಾತು ಹೇಳಿಬಿಡ್ತೀನಿ.”

ಅವಳು ಸ್ಕೇಲನ್ನು ಇಸಿದುಕೊಂಡಳು. ಕೊಯ್ದ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು. ನಿಜವಾಗಿಯೂ ನೀಟಾಗಿ ಉಜ್ಜಿದ್ದ.

“ಬೇಡ. ಸರ್‌ಗೂ ಬೇಡ, ಯಾರಿಗೂ ಬೇಡ. ಇದು ಇಲ್ಲೇ ಇರಲಿ.”

“ಮುಂದಿನ ವರ್ಷದ ಮಕ್ಕಳಿಗೂ ಇದೇನಾ?”

“ಇದೇ. ಯಾರು ಯಾಕೆ ಅಂತ ಕೇಳ್ತಾರೋ ನೋಡೋಣ.”

ಚಾವಿಯಣ್ಣ ಅವಳ ಮುಖ ನೋಡಿದ. ತಮಾಷೆಯೋ ಸಿಟ್ಟೋ ಎಂದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಸಂಜೆ ಗಂಡ ಕೇಳುತ್ತಾನೆ, ಅರ್ಧ ಮಾರ್ಕಿನವನಿಗೆ ಏನಾಯಿತು ಎಂದು. ಅವನ ವಿಷಯ ಹೇಳಬಹುದು. ಇದನ್ನಲ್ಲ.

ಚೀಲದೊಳಗೆ ಫೋನ್ ಟಿಣ್ ಎಂದಿತು. ಅವಳು ತೆಗೆಯಲಿಲ್ಲ. ಸ್ಕೇಲನ್ನು ಮೊದಲಿದ್ದ ಮೊಳೆಗೇ, ಅಂಕಿ ಅಳಿಸಿದ ತುದಿ ಕೆಳಗೆ ಬರುವಂತೆ ತೂಗುಹಾಕಿದಳು. ತಿರುಗುವಾಗ ಸೆರಗು ದಾರಕ್ಕೆ ತಾಗಿ ಗುಂಡು ಅಲುಗಿತು. ಚಾವಿಯಣ್ಣ ಕೀಲಿಗೊಂಚಲು ಹಿಡಿದು ಬಾಗಿಲಲ್ಲಿ ನಿಂತೇ ಇದ್ದ. ಅವಳು ಮೇಜಿನ ಮೇಲಿದ್ದ ಗಡಿಯಾರ ಒತ್ತಿ, ತುಟಿ ಅಲುಗಿಸದೆ ಎಣಿಸತೊಡಗಿದಳು.