ಮೂರು ಬೆರಳು ದಪ್ಪದ ಕಬ್ಬಿಣ

ಕೊಂಡಪ್ಪನಂಥ ಹಟಮಾರಿ ಕಮ್ಮಾರನನ್ನು ನಾನು ತ್ಯಾಮಗೊಂಡ್ಲು ಸೀಮೆಯಲ್ಲೇ ಕಂಡಿಲ್ಲ. ತಾನು ಬಡಿದ ಗುಳ ಸವೆಯುವುದಕ್ಕೆ ಮುಂಚೆ ಉಳುವವನೇ ಸವೆದುಹೋಗುತ್ತಾನೆ ಎಂದು ಜಂಬ ಕೊಚ್ಚುತ್ತಿದ್ದ. ಕಬ್ಬಿಣದ ವಿಷಯದಲ್ಲಿ ಊರಿನವರೂ ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ನಾನು ಆ ಊರಿನ ಮೇಷ್ಟರು. ಬಂದ ಕಾಗದಗಳನ್ನೆಲ್ಲ ಓದಿ ಹೇಳುವ ಕೆಲಸವನ್ನೂ ನನ್ನ ಕುತ್ತಿಗೆಗೇ ಕಟ್ಟಿದ್ದರು.

ಯುದ್ಧದ ಕಾಲ. ಕೊಂಡಪ್ಪನ ಒಬ್ಬನೇ ಮಗ ಲಕ್ಷ್ಮಯ್ಯ ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಪಟಾಲಮ್ಮಿಗೆ ಸೇರಿದ. ಕಮ್ಮಾರರ ಹುಡುಗನೆಂದು ಟ್ಯಾಂಕಿನ ದಳಕ್ಕೆ ಹಾಕಿದರು. ಬರ್ಮಾಕ್ಕೆ ಹೊರಡುವ ಮುಂಚೆ ಹತ್ತು ದಿನ ರಜ ಕೊಟ್ಟಿದ್ದರು. ಅವನ ತಾಯಿ ಲಕ್ಕಮ್ಮ ಮಗನ ತೋಳು ಹಿಡಿದುಕೊಂಡು ಕೂತುಬಿಟ್ಟಳು. ಹೊಸಕೋಟೆ ಕಡೆ ತನ್ನ ಅಣ್ಣನ ಮನೆಯಲ್ಲಿ ಬಚ್ಚಿಡುತ್ತೇನೆ, ಯುದ್ಧ ಮುಗಿಯುವ ತನಕ ಯಾರ ಕಣ್ಣಿಗೂ ಬೀಳದ ಹಾಗೆ ನೋಡಿಕೊಳ್ಳುತ್ತೇನೆ ಎಂದಳು. ಮೂರು ಮಕ್ಕಳು ತೊಟ್ಟಿಲಲ್ಲೇ ತೀರಿಹೋದ ಮೇಲೆ ಸೂರ್ಯದೇವರಿಗೆ ಹರಸಿಕೊಂಡು ಉಳಿಸಿಕೊಂಡ ಮಗ. ಹುಟ್ಟುವ ಸೂರ್ಯನಿಗೆ ಕೈಮುಗಿಯದೆ ಅವನು ಗುಟುಕು ನೀರೂ ಕುಡಿಯಬಾರದು ಎಂಬುದು ಆ ಹರಕೆ.

ಕೊಂಡಪ್ಪನಿಗೆ ರೇಗಿತು. ಹಂದಿ ಹೊಡೆಯುವ ಬಂದೂಕಿದ್ದ ದೊಡ್ಡಬೀರಪ್ಪನನ್ನು ಕರೆಸಿದ. ಬೆರಳು ದಪ್ಪದ ಕಬ್ಬಿಣದ ತಗಡೊಂದನ್ನು ಹುಣಿಸೆಮರಕ್ಕೆ ಒರಗಿಸಿ, ಹೊಡಿ ಎಂದ. ಊರೆಲ್ಲ ಸೇರಿತ್ತು. ಢಂ ಎಂದಿತು. ಕೊಂಡಪ್ಪ ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಹೋಗಿ, ತಗಡಿನ ಮೇಲಿನ ತಗ್ಗನ್ನು ಮುಟ್ಟಿಸಿದ.

"ನೋಡೇ, ತೂತು ಬಿತ್ತಾ? ಇದು ಒಂದು ಬೆರಳು ದಪ್ಪ. ಇವನು ಕೂತ್ಕೊಳ್ಳೋ ಗಾಡೀದು ಮೂರು ಬೆರಳು."

ಸಿಪಾಯಿಗಳ ರೈಫಲ್ಲೇ ಬೇರೆ, ಈ ಹಂದಿ ಬಂದೂಕೇ ಬೇರೆ ಎಂದು ನಾನು ಮೂಗು ತೂರಿಸಿದೆ. ಲಕ್ಷ್ಮಯ್ಯ ನಕ್ಕ.

"ನಿಜ ಮೇಷ್ಟ್ರೇ. ಆದ್ರೂ ರೈಫಲ್ ಗುಂಡು ಅದನ್ನ ತೂರಲ್ಲ. ಒಳಗೆ ಕೂತೋರಿಗೆ ಆಲಿಕಲ್ಲು ಬಿದ್ದಂಗೆ ಕೇಳ್ತದೆ, ಅಷ್ಟೇಯ."

ಫಿರಂಗಿಯ ಮಾತನ್ನು ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಲಕ್ಕಮ್ಮ ಆ ತಗ್ಗನ್ನು ಮತ್ತೆ ಮತ್ತೆ ಸವರಿ ನೋಡಿ, ಕೊನೆಗೆ ಮಗನ ತೋಳು ಬಿಟ್ಟಳು. "ಹರಕೆ ಮಾತ್ರ ತಪ್ಪಿಸಬ್ಯಾಡ ಕಣಪ್ಪಾ," ಎಂದಳು.

ನಲವತ್ತೈದನೇ ಇಸವಿಯ ಬೇಸಿಗೆಯಲ್ಲಿ ತಂತಿ ಬಂತು. ಲಕ್ಷ್ಮಯ್ಯ ತೀರಿಕೊಂಡ ಎಂಬುದಕ್ಕಿಂತ ಹೆಚ್ಚಿಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ತಿಂಗಳ ಮೇಲೆ, ಅದೇ ಟ್ಯಾಂಕಿನಲ್ಲಿದ್ದ ವೆಂಕಟರಾಮಪ್ಪ ಎಂಬ ದೇವನಹಳ್ಳಿ ಕಡೆಯ ಹುಡುಗನ ಕಾಗದ ಬಂತು. ಲಕ್ಕಮ್ಮ ನೀರಿಗೆ ಹೋಗಿದ್ದಳು. ಕುಲುಮೆಯಲ್ಲೇ ಕೂತು ಕೊಂಡಪ್ಪನಿಗೆ ಓದಿ ಹೇಳಿದೆ.

"ನಮ್ಮ ಗಾಡಿಯ ಮೇಲೆ ಹದಿನೇಳು ಗುಂಡಿನ ಗುರುತುಗಳಿವೆ. ಒಂದೂ ಒಳಗೆ ಬರಲಿಲ್ಲ. ಬೆಳಿಗ್ಗೆ ಹೊತ್ತು ಹುಟ್ಟುವಾಗ ಲಕ್ಷ್ಮಯ್ಯಣ್ಣ ಮೇಲಿನ ಮುಚ್ಚಳ ತೆಗೆದರು. ಇವತ್ತೊಂದು ದಿನ ಬೇಡ ಎಂದೆವು. ನಮ್ಮವ್ವನ ಹರಕೆ, ಬಾಯಿ ಒಣಗಿದೆ, ಕೈಮುಗಿದು ನೀರು ಕುಡೀತೀನಿ ಎಂದರು. ಮರದ ಮೇಲಿಂದ ಒಂದೇ ಒಂದು ಗುಂಡು ಬಂತು."

ಕೊಂಡಪ್ಪ ಅಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಂಡಕ್ಕೆ ಹಾಕಿ, ತಿದಿಯನ್ನು ಎರಡು ಸಲ ಒತ್ತಿದ. ಅದು ಉರಿದು ಬೂದಿಯಾಗುವ ಹೊತ್ತಿಗೆ ಲಕ್ಕಮ್ಮ ಕೊಡ ಹೊತ್ತುಕೊಂಡು ಬಂದಳು. ನನ್ನನ್ನು ಕಂಡೊಡನೆಯೇ ಕಾಗದ ಬಂದಿದೆಯೆಂದು ಅವಳಿಗೆ ತಿಳಿಯಿತು.

"ಏನಂತೆ? ಕಬ್ಬಿಣ ತಡೀಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಕೊಂಡಪ್ಪ ಹೇಳಿದ: "ಇಲ್ಲ ಕಣೇ. ತೂರ್ಕೊಂಡು ಹೋಯ್ತಂತೆ. ನಾನು ಹೇಳಿದ್ದು ಸುಳ್ಳಾಯ್ತು."

ಕೊಡ ಕೆಳಗೆ ಬಿತ್ತು. "ನೀನೇ ಕೊಂದೆ! ನಾನು ಬಚ್ಚಿಡ್ತಿದ್ದೆ ಅವನ್ನ, ನೀನೇ ಕಳಿಸಿ ಕೊಂದೆ!" ಎಂದು ಅವನ ಎದೆಗೆ ಗುದ್ದಿದಳು. ಅವನು ಹೂಂ ಎಂದು ತಲೆಯಾಡಿಸಿದ. ಕಬ್ಬಿಣದ ಮಾತಿನಲ್ಲಿ ಎಂದೂ ಸೋಲೊಪ್ಪದ ಆಸಾಮಿ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂದಿನಿಂದ ಅವಳು ಗಂಡನೊಡನೆ ಮಾತು ಬಿಟ್ಟಳು. ಊಟಕ್ಕಿಟ್ಟು ಎದ್ದುಹೋಗುತ್ತಿದ್ದಳು. ದಿನವೂ ಬೆಳಿಗ್ಗೆ ಅಂಗಳದಲ್ಲಿ ನಿಂತು, ಮಗನ ಪಾಲಿನದನ್ನೂ ಸೇರಿಸಿ ಸೂರ್ಯನಿಗೆ ಎರಡು ಸಲ ಕೈಮುಗಿಯುತ್ತಿದ್ದಳು. ಕೊಂಡಪ್ಪ ಆ ಹೊತ್ತಿಗೆ ಅಂಗಳಕ್ಕೆ ಬೆನ್ನು ಹಾಕಿ ತಿದಿ ಒತ್ತುತ್ತಿದ್ದ.

ಒಂದು ವರ್ಷದ ಮೇಲೆ, ನಾನು ಸ್ಕೂಲಿಗೆ ಹೋಗುವಾಗ ಲಕ್ಕಮ್ಮ ಅಂಗಳದಿಂದಲೇ ಕೂಗಿದಳು.

"ಮೇಷ್ಟ್ರೇ, ಆವತ್ತು ಕೇಳೋಕೆ ಆಗ್ಲಿಲ್ಲ. ನನ್ನ ಮಗ ಅಲ್ಲಿ ಹರಕೆ ನಡೆಸ್ತಿದ್ನಂತಾ? ಕಾಗದದಲ್ಲಿ ಇತ್ತಾ?"

ಕುಲುಮೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಕೊಂಡಪ್ಪ ನನ್ನನ್ನೇ ನೋಡುತ್ತಿದ್ದ.

"ಇತ್ತಮ್ಮಾ. ಒಂದು ದಿನಾನೂ ತಪ್ಪಿಸ್ಲಿಲ್ಲವಂತೆ," ಎಂದೆ.

"ಸದ್ಯ, ಅಷ್ಟಾದ್ರೂ ಆಯ್ತಲ್ಲ," ಎಂದು ಅವಳು ಕಣ್ಣೊರೆಸಿಕೊಂಡು, ವರ್ಷದಲ್ಲಿ ಮೊದಲನೇ ಸಲ ನಕ್ಕಳು. ಕೊಂಡಪ್ಪ ಇಕ್ಕಳದಲ್ಲಿದ್ದ ಕಬ್ಬಿಣ ಆರಿ ಕಪ್ಪಾಗುವ ತನಕ ಹಾಗೇ ಹಿಡಿದುಕೊಂಡಿದ್ದ.